ಕುದುರೆ-ನಾಯಿಗಳ ಚಿತ್ರಗಾರನ ಚರಿತ್ರೆಯಿಂದ ಒಂದು ಪಾಠ

ಈ ಸ್ಮರಣ ಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ನಾವು ಏನು ಹೇಳಬೇಕೆಂದು ಯೋಚಿಸುತ್ತಿರಲು, ಬಹುದಿನಗಳಿಂದ ನಮ್ಮ ಮನಸ್ಸಿನಲ್ಲಿ ಕುಳಿತಿರುವ ಒಂದು ಪ್ರಶ್ನೆಯು ನೆನಪಿಗೆ ಬಂದಿತು. ಆ ಪ್ರಶ್ನೆಯನ್ನು ಕೇಳಿದವಳು ಮನೋಳಿಯ ಒಬ್ಬ ಹುಡುಗಿ. ಆಕೆಯ ತಂದೆಯು ಮದುವೆಯ ಮೆರವಣಿಗೆಗಳಿಗೆ ಒಯ್ಯುವ ಸಲುವಾಗಿ ಒಂದು ಬಿಳಿಯ ಹೆಣ್ಣು ಕುದುರೆಯನ್ನು ಸಾಕಿದ್ದನು. ಹುಡುಗಿಯು ಮುಂಜಾನೆ ಅದಕ್ಕೆ ಮೇವು ಹಾಕಿ, ಮಲಪ್ರಭೆಗೆ ಒಯ್ದು ಮೈತೊಳೆದು, ಆಮೇಲೆ ಶಾಲೆಗೆ ಬರುತ್ತಿದ್ದಳು. ಆಕೆಯ ವಹಿಗಳ ಅಂಚುಗಳಲ್ಲಿ ಆ ಕುದುರೆಯೂ ಮನೆಯ ನಾಯಿಯೂ ತುಂಬಿಕೊಂಡಿದ್ದವು. ಗಣಿತದ ವಹಿಯಲ್ಲಿ ಕುದುರೆಯ ಚಿತ್ರವನ್ನು ಕಂಡು ನಾವು ಅದನ್ನು ಎರಡು ಸಲ ಕೆಂಪು ಶಾಯಿಯಿಂದ ಹೊಡೆದುಹಾಕಿದ್ದೆವು.

ಎಂಟನೆಯ ಇಯತ್ತೆಯಲ್ಲಿ ಮನುಷ್ಯನ ಅಸ್ಥಿಪಂಜರದ ಪಾಠ ನಡೆದಿದ್ದಾಗ ಆಕೆ ಎದ್ದು ನಿಂತು, “ಅಕ್ಕಾರೀ, ನಮ್ಮ ಕುದುರಿ ಮುಂಗಾಲಿನ ಮೊಣಕಾಲು ಮುಂದಕ್ಕ ಚಾಚತೈತಿ, ಹಿಂಗಾಲಿಂದು ಹಿಂದಕ್ಕ ಚಾಚತೈತಿ. ಹಿಂಗ್ಯಾಕ್ರೀ?” ಎಂದು ಕೇಳಿದಳು. ಇತರ ಹುಡುಗಿಯರು ನಕ್ಕರು. ನಾವು ಆಕೆಗೆ ಪುಸ್ತಕದಲ್ಲಿದ್ದದ್ದನ್ನು ನೋಡೆಂದು ಗದರಿಸಿ ಕೂಡ್ರಿಸಿದೆವು. ಗದರಿಸಿದ್ದಕ್ಕೆ ಕಾರಣವು ಆಕೆಯ ಉದ್ಧಟತನವಲ್ಲ. ಉತ್ತರವು ನಮಗೆ ಗೊತ್ತಿರಲಿಲ್ಲ. ಆ ಮೇಲೆ ಆಕೆ ತರಗತಿಯಲ್ಲಿ ಪ್ರಶ್ನೆ ಕೇಳಿದ್ದನ್ನು ನಾವು ಕಾಣೆವು.

ಹಲವು ವರ್ಷಗಳ ತರುವಾಯ ಜಾರ್ಜ್ ಸ್ಟಬ್ಸ್ ಎಂಬ ಆಂಗ್ಲ ಚಿತ್ರಗಾರನ ಚರಿತ್ರೆಯನ್ನು ಓದುವಾಗ ಆ ಪ್ರಶ್ನೆಗೆ ಉತ್ತರವೂ ಸಿಕ್ಕಿತು, ನಮ್ಮ ತಪ್ಪೂ ತಿಳಿದುಬಂದಿತು. ಆದಕಾರಣ ಆತನ ಚರಿತ್ರೆಯನ್ನೇ ಇಲ್ಲಿ ಒಂದು ಪಾಠದಂತೆ ಬರೆಯುತ್ತೇವೆ.

೧. ಬಾಲ್ಯವೂ ಮೊದಲ ಕಲಿಕೆಯೂ

ಸ್ಟಬ್ಸನು ೧೭೨೪ರಲ್ಲಿ ಇಂಗ್ಲಂಡದ ಲಿವರ್‌ಪೂಲ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಚರ್ಮ ಹದಮಾಡುವ ಉದ್ಯೋಗದವನು. ಹುಡುಗನು ಹದಿನೈದು ಹದಿನಾರು ವರ್ಷದವನಾಗುವ ತನಕ ತಂದೆಯ ಕೈಕೆಳಗೆ ಅದೇ ಕೆಲಸವನ್ನು ಮಾಡಿದನು. ಆತನ ವೃದ್ಧಾಪ್ಯದಲ್ಲಿ ಆತನ ಬಾಯಿಂದಲೇ ಕೇಳಿ ಚರಿತ್ರೆಯನ್ನು ಬರೆದಿಟ್ಟ ಓಜಾಯಸ್ ಹಂಫ್ರಿ ಎಂಬ ಚಿತ್ರಗಾರನು ಹೇಳುವ ಪ್ರಕಾರ, ಸ್ಟಬ್ಸನು ಸುಮಾರು ಎಂಟು ವರ್ಷದವನಿದ್ದಾಗ ನೆರೆಯಲ್ಲಿದ್ದ ಒಬ್ಬ ವೈದ್ಯನು ಆತನಿಗೆ ಎಲುಬುಗಳನ್ನು ಎರವು ಕೊಡುತ್ತಿದ್ದನು. ಹುಡುಗನು ಅವುಗಳನ್ನು ಮನೆಗೆ ತಂದು, ಎದುರಿಗಿಟ್ಟುಕೊಂಡು ಚಿತ್ರ ತೆಗೆಯುತ್ತಿದ್ದನು.

ಚಿತ್ರಗಾರನಾಗಬೇಕೆಂಬ ಆಶೆಯಿಂದ ಆತನು ವಿನ್‌ಸ್ಟನ್ಲಿ ಎಂಬ ಚಿತ್ರಗಾರನ ಬಳಿಗೆ ಹೋದನು. ಅಲ್ಲಿಯ ಕೆಲಸವು ಒಬ್ಬ ದೊಡ್ಡ ಜಮೀನುದಾರನ ಮನೆಯಲ್ಲಿದ್ದ ಹಳೆಯ ಚಿತ್ರಗಳನ್ನು ನಕಲು ಮಾಡುವದಾಗಿತ್ತು. ಯಾವ ಚಿತ್ರವನ್ನು ನಕಲು ಮಾಡಬೇಕೆಂಬ ವಿಷಯದಲ್ಲಿ ಗುರುಶಿಷ್ಯರಿಗೆ ವಾದ ಬೆಳೆದು, ಕೆಲವೇ ವಾರಗಳಲ್ಲಿ ಸ್ಟಬ್ಸನು ಹೊರಬಿದ್ದನು. ಇನ್ನು ಮೇಲೆ ಯಾರ ಚಿತ್ರವನ್ನೂ ನಕಲು ಮಾಡದೆ, ಸೃಷ್ಟಿಯನ್ನೇ ನೋಡಿ ಕಲಿಯುವೆನೆಂದು ನಿಶ್ಚಯಿಸಿದನು. ಚಿತ್ರಕಲೆಯಲ್ಲಿ ಆತನಿಗೆ ದೊರೆತ ಶಾಲೆಯ ಪಾಠವು ಅಷ್ಟೇ. ಆತನನ್ನು ಸ್ವಯಂಶಿಕ್ಷಿತನೆಂದು ಕರೆಯುವದು ಈ ಕಾರಣದಿಂದಲೇ.

೨. ಹೊಲಿಗೆಯ ಸೂಜಿ

ಮುಂದೆ ಆತನು ಉತ್ತರ ಇಂಗ್ಲಂಡದ ಊರುಗಳಲ್ಲಿ ಜನರ ಮುಖಚಿತ್ರಗಳನ್ನು ಬರೆದು ಹೊಟ್ಟೆ ಹೊರೆದನು. ಯಾರ್ಕ್ ಪಟ್ಟಣದ ಆಸ್ಪತ್ರೆಯಲ್ಲಿ ಮನುಷ್ಯ ಶರೀರದ ರಚನೆಯನ್ನು ಅಭ್ಯಾಸ ಮಾಡಿ, ತಾನು ಕಲಿತದ್ದನ್ನು ಅಲ್ಲಿಯ ವೈದ್ಯ ವಿದ್ಯಾರ್ಥಿಗಳಿಗೂ ಹೇಳಿಕೊಟ್ಟನು. ಆಗ ಡಾಕ್ಟರ್ ಜಾನ್ ಬರ್ಟನ್ ಎಂಬವರು ಸೂಲಗಿತ್ತಿಯ ವಿದ್ಯೆಯ ಬಗ್ಗೆ ಒಂದು ಗ್ರಂಥವನ್ನು ಬರೆಯುತ್ತಿದ್ದರು. ಅದಕ್ಕೆ ಬೇಕಾದ ಚಿತ್ರಗಳನ್ನು ತಾಮ್ರದ ತಗಡಿನ ಮೇಲೆ ಕೊರೆಯುವ ಕೆಲಸವನ್ನು ಸ್ಟಬ್ಸನಿಗೆ ಒಪ್ಪಿಸಿದರು. ಆತನು ಅದಕ್ಕೆ ಮೊದಲು ಒಂದು ಗೆರೆಯನ್ನಾದರೂ ತಗಡಿನ ಮೇಲೆ ಕೊರೆದವನಲ್ಲ. ಮನೆಗಳಿಗೆ ಬಣ್ಣ ಬಳಿಯುವ ಒಬ್ಬ ಪರಿಚಿತನು ತನಗೆ ತಿಳಿದಷ್ಟನ್ನು ಬಾಯಿಮಾತಿನಲ್ಲಿ ತಿಳಿಸಿದನು. ಸ್ಟಬ್ಸನು ಒಂದು ತಾಮ್ರದ ಬಿಲ್ಲೆಯನ್ನು ತೆಗೆದುಕೊಂಡು, ಅದಕ್ಕೆ ಲೇಪವನ್ನು ಬಳಿದು ಹೊಗೆ ಹಿಡಿಸಿ, ಸಾಧಾರಣ ಹೊಲಿಗೆಯ ಸೂಜಿಯನ್ನು ಒಂದು ಕಡ್ಡಿಗೆ ಸಿಕ್ಕಿಸಿ, ಅದರಿಂದ ಗೆರೆಗಳನ್ನು ಎಳೆದು ನೋಡಿದನು. ಆ ಗ್ರಂಥವು ೧೭೫೧ರಲ್ಲಿ ಆತನ ಚಿತ್ರಗಳೊಡನೆ ಹೊರಬಿತ್ತು.

ವಾಚಕಿಯರು ಇಲ್ಲಿ ಒಂದು ಸಂಗತಿಯನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಸ್ವಯಂಶಿಕ್ಷಿತನೆಂದರೆ ಯಾರಿಂದಲೂ ಏನನ್ನೂ ಕಲಿಯದವನೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಸ್ಟಬ್ಸನ ಚರಿತ್ರೆಯು ಹಾಗೆ ಹೇಳುವದಿಲ್ಲ. ಎಲುಬು ಎರವು ಕೊಟ್ಟ ನೆರೆಯ ವೈದ್ಯನು, ಆಸ್ಪತ್ರೆಯ ಬಾಗಿಲು ತೆರೆದ ಶಸ್ತ್ರವೈದ್ಯನು, ಕೆಲಸವನ್ನು ನಂಬಿ ಒಪ್ಪಿಸಿದ ಡಾಕ್ಟರನು, ತಿಳಿದಷ್ಟನ್ನು ಹೇಳಿದ ಬಣ್ಣದವನು, ಇವರೆಲ್ಲರೂ ಆತನಿಗೆ ಒಂದೊಂದು ಬಾಗಿಲನ್ನು ತೆರೆದರು. ಅವರಲ್ಲಿ ಒಬ್ಬನೂ ಆತನಿಗೆ ಚಿತ್ರ ತೆಗೆಯಲು ಕಲಿಸಲಿಲ್ಲ. ಆದರೆ ಒಬ್ಬನೂ ಗದರಿಸಿ ಕೂಡ್ರಿಸಲಿಲ್ಲ.

೩. ಹದಿನೆಂಟು ತಿಂಗಳ ಅಭ್ಯಾಸ

೧೭೫೪ರಲ್ಲಿ ಆತನು ಇಟಲಿ ದೇಶಕ್ಕೆ ಹೋಗಿ ರೋಮ್ ಪಟ್ಟಣವನ್ನು ನೋಡಿ ಬಂದನು. ಅಲ್ಲಿಯ ಹೆಸರಾಂತ ಶಿಲ್ಪ-ಚಿತ್ರಗಳನ್ನು ಕಂಡ ಮೇಲೂ, ಕಲೆಗಿಂತ ಸೃಷ್ಟಿಯೇ ಹೆಚ್ಚಿನದೆಂಬ ಆತನ ನಂಬಿಗೆಯು ದೃಢವೇ ಆಯಿತು. ೧೭೫೬ರಲ್ಲಿ ಲಿಂಕನ್‌ಶೈರ್ ಪ್ರಾಂತದ ಹಾರ್ಕ್‌ಸ್ಟೋ ಎಂಬ ಹಳ್ಳಿಯಲ್ಲಿ ಒಂಟಿಯಾದ ಒಂದು ಹೊಲಮನೆಯನ್ನು ಬಾಡಿಗೆಗೆ ಹಿಡಿದು, ಹದಿನೆಂಟು ತಿಂಗಳ ವರೆಗೆ ಕುದುರೆಯ ಶರೀರವನ್ನು ಶೋಧಿಸಿದನು. ನೆಲ್ತಾರ್ಪ್ ಮನೆತನದ ಒಬ್ಬ ಶ್ರೀಮಂತ ಮಹಿಳೆಯು ಆತನಿಗೆ ಆಶ್ರಯ ಕೊಟ್ಟಳು. ಕೆಲಸದಲ್ಲಿ ಸಹಾಯಕ್ಕೆ ನಿಂತವಳು ಆತನ ಬಾಳಸಂಗಾತಿಯಾದ ಮೇರಿ ಸ್ಪೆನ್ಸರ್ ಎಂಬವಳು.

ಆ ಕೆಲಸದ ರೀತಿಯನ್ನು ಕೇಳಿದರೆ ಕೆಲವರಿಗೆ ಹೇಸಿಗೆಯಾದೀತು. ಸತ್ತ ಕುದುರೆಯ ನರಗಳಿಂದ ರಕ್ತವನ್ನು ತೆಗೆದು, ಅವು ಕುಗ್ಗದಂತೆ ಕರಗಿಸಿದ ಕೊಬ್ಬನ್ನು ತುಂಬುತ್ತಿದ್ದನು. ಛಾವಣಿಗೆ ಕಟ್ಟಿದ ಕಬ್ಬಿಣದ ಸಲಾಕೆಯಿಂದ ಕೊಕ್ಕೆಗಳ ಮೂಲಕ ಅದನ್ನು ತೂಗಹಾಕಿ, ಗೊರಸುಗಳ ಕೆಳಗೆ ಹಲಗೆಯನ್ನಿಟ್ಟು, ಜೀವಂತ ಕುದುರೆಯು ನಿಂತಂತೆಯೇ ನಿಲ್ಲಿಸುತ್ತಿದ್ದನು. ಬಳಿಕ ಚರ್ಮವನ್ನೂ, ಸ್ನಾಯುಗಳನ್ನು ಪದರುಪದರಾಗಿಯೂ ಬಿಡಿಸುತ್ತ, ಪ್ರತಿಯೊಂದು ಪದರನ್ನು ಅಳೆದು ಚಿತ್ರ ತೆಗೆಯುತ್ತ, ಕೊನೆಗೆ ಎಲುಬಿನ ವರೆಗೆ ಬರುತ್ತಿದ್ದನು. ಒಂದು ಶವದ ಮೇಲೆ ಹನ್ನೊಂದು ವಾರಗಳ ತನಕ ಕೆಲಸ ಮಾಡಿದನೆಂದು ಹೇಳುತ್ತಾರೆ. ಕಡು ದುರ್ಗಂಧದಲ್ಲಿ ನಿಂತು ಕೈಗೆ ಕೈ ಕೊಟ್ಟ ಮೇರಿ ಸ್ಪೆನ್ಸರಳ ಶ್ರಮವನ್ನು ನಾವು ಮರೆಯಬಾರದು.

ಹೀಗೆ ಸಿದ್ಧವಾದ ಚಿತ್ರಗಳನ್ನು ಲಂಡನ್ ಪಟ್ಟಣಕ್ಕೆ ಒಯ್ದಾಗ, ಅಲ್ಲಿಯ ತಗಡು ಕೊರೆಯುವವರು ಆ ಕೆಲಸವನ್ನು ಕೈಕೊಳ್ಳಲಿಲ್ಲ. ಸ್ಟಬ್ಸನು ತಾನೇ ಕೊರೆಯತೊಡಗಿದನು. ಹಗಲು ಹೊಟ್ಟೆಯ ಸಲುವಾಗಿ ಬಣ್ಣದ ಚಿತ್ರಗಳು, ಉಳಿದ ಹೊತ್ತಿನಲ್ಲಿ ತಾಮ್ರದ ತಗಡುಗಳು. “ಕುದುರೆಯ ಶರೀರ ರಚನೆ” ಎಂಬ ಅರ್ಥದ ಹೆಸರುಳ್ಳ ಆ ಗ್ರಂಥವು ೧೭೬೬ರಲ್ಲಿ ಪ್ರಕಟವಾಯಿತು. ಅಭ್ಯಾಸಕ್ಕೆ ತೊಡಗಿದಂದಿನಿಂದ ಲೆಕ್ಕ ಹಾಕಿದರೆ ಹತ್ತು ವರ್ಷಗಳು. ಡಚ್ ದೇಶದ ಪ್ರಸಿದ್ಧ ಶರೀರಶಾಸ್ತ್ರಜ್ಞನಾದ ಪೆಟ್ರಸ್ ಕಾಂಪರನು ಅದನ್ನು ಬಹಳ ಮೆಚ್ಚಿಕೊಂಡನು. ಅದರ ಮೂಲ ರೇಖಾಚಿತ್ರಗಳಲ್ಲಿ ೪೨ ಚಿತ್ರಗಳು ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಇಂದಿಗೂ ಇವೆ.

೪. ಹುಡುಗಿಯ ಪ್ರಶ್ನೆಗೆ ಉತ್ತರ

ಈಗ ನಮ್ಮ ಮನೋಳಿಯ ಹುಡುಗಿಯ ಪ್ರಶ್ನೆಗೆ ಬರೋಣ. ಇಂಥ ಚಿತ್ರದಲ್ಲಿ ಕುದುರೆಯ ಅಸ್ಥಿಪಂಜರವನ್ನು ನಮ್ಮ ಅಸ್ಥಿಪಂಜರದೊಡನೆ ಹೋಲಿಸಿ ನೋಡಿದರೆ ಉತ್ತರವು ತಾನಾಗಿ ಹೊಳೆಯುವದು. ಕುದುರೆಯ ಮುಂಗಾಲಿನ ನಡುವೆ ನಾವು ಮೊಣಕಾಲೆಂದು ಕರೆಯುವ ಗಂಟು ಮೊಣಕಾಲೇ ಅಲ್ಲ. ಅದು ನಮ್ಮ ಮಣಿಕಟ್ಟು. ಕುದುರೆಯ ಮೊಣಕೈಯು ಮೇಲೆ, ಎದೆಯ ಬದಿಯಲ್ಲಿ ಅಡಗಿಕೊಂಡಿದೆ. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದ ಗಂಟು ನಮ್ಮ ಹಿಮ್ಮಡಿಯಾಗಿದೆ. ಹಿಂಗಾಲಿನ ನಿಜವಾದ ಮೊಣಕಾಲು ಹೊಟ್ಟೆಯ ಹತ್ತಿರ ಇದ್ದು, ಅದು ನಮ್ಮ ಮೊಣಕಾಲಿನಂತೆಯೇ ಮುಂದಕ್ಕೆ ಚಾಚುತ್ತದೆ. ಆದ್ದರಿಂದ ಕುದುರೆಯ ಕಾಲು ವಿಪರೀತವಾಗಿ ಮಡಚುವದಿಲ್ಲ; ನಾವು ಕೀಲುಗಳ ಹೆಸರುಗಳನ್ನು ತಪ್ಪಾಗಿ ಕರೆಯುತ್ತಿದ್ದೆವು, ಅಷ್ಟೇ.

ಗೊರಸು ಎಂದರೇನು? ಅದು ನಡುಬೆರಳಿನ ಉಗುರು. ಕುದುರೆಯು ಪ್ರತಿಯೊಂದು ಕಾಲಿನಲ್ಲಿಯೂ ಒಂದೇ ಬೆರಳಿನ ತುದಿಯ ಮೇಲೆ ನಿಂತು ತನ್ನ ಭಾರವನ್ನೆಲ್ಲ ಹೊರುತ್ತದೆ. ನಾಯಿಯಾದರೋ ನಾಲ್ಕು ಬೆರಳುಗಳ ಮೇಲೆ ನಡೆಯುತ್ತದೆ. ಅದರ ಮಣಿಕಟ್ಟೂ ಹಿಮ್ಮಡಿಯೂ ನೆಲಕ್ಕೆ ತಗಲದೆ ಮೇಲೆ ನಿಂತಿವೆ. ಮನುಷ್ಯನು ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತಾನೆ. ಹುಡುಗಿಯರು ತುದಿಗಾಲ ಮೇಲೆ ನಿಂತು, ಮೊಣಕಾಲನ್ನು ತುಸು ಬಗ್ಗಿಸಿ, ತಮ್ಮ ಹಿಮ್ಮಡಿಯು ಎಲ್ಲಿಗೆ ಬಂದಿತೆಂಬುದನ್ನು ನೋಡಿಕೊಂಡರೆ ನಾಯಿಯ ಹಿಂಗಾಲು ಚೆನ್ನಾಗಿ ತಿಳಿಯುವದು. ಇದನ್ನು ಕಲಿಸಲು ಯಂತ್ರಗಳೂ ಬೇಡ, ಹಣವೂ ಬೇಡ. ಆ ಹುಡುಗಿಯ ಮುಂದೆ ಈ ಪಾಠವನ್ನು ಐದು ನಿಮಿಷಗಳಲ್ಲಿ ಮಾಡಬಹುದಾಗಿತ್ತು.

೫. ಆತನ ಚಿತ್ರಗಳು

ಶರೀರವನ್ನು ಒಳಗಿನಿಂದ ಬಲ್ಲವನಾದ್ದರಿಂದ ಸ್ಟಬ್ಸನ ಕುದುರೆಗಳು ಇತರರ ಕುದುರೆಗಳಂತಿರಲಿಲ್ಲ. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು “ವಿಸಲ್‌ಜಾಕೆಟ್” ಎಂಬ ಪಂದ್ಯದ ಕುದುರೆಯ ಚಿತ್ರ. ಸುಮಾರು ೧೭೬೨ರಲ್ಲಿ ರಾಕಿಂಗ್‌ಹ್ಯಾಮ್ ಪ್ರಭುವಿನ ಸಲುವಾಗಿ ಬರೆದದ್ದು. ಚಿತ್ರವು ಹೆಚ್ಚು ಕಡಿಮೆ ಮೂರು ಮೀಟರ್ ಎತ್ತರವಿದೆ. ಹಿಂದೆ ಗಿಡವಿಲ್ಲ, ಆಕಾಶವಿಲ್ಲ, ಸವಾರನಿಲ್ಲ. ಬರಿದಾದ ಬಣ್ಣದ ನೆಲೆಯ ಮೇಲೆ ಮುಂಗಾಲುಗಳನ್ನೆತ್ತಿದ ಒಂದು ಕಂದು ಕುದುರೆಯು ನಮ್ಮತ್ತ ಕಣ್ಣು ಹೊರಳಿಸುತ್ತಿದೆ. ಹಂಫ್ರಿಯು ಬರೆದಂತೆ, ಚಿತ್ರವು ಮುಗಿಯುತ್ತ ಬಂದಾಗ ಆ ಕುದುರೆಯೇ ಅದನ್ನು ಕಂಡು, ಬೇರೊಂದು ಕುದುರೆಯು ಎದುರಿಗೆ ನಿಂತಿದೆಯೆಂದು ಭ್ರಮಿಸಿ, ಮೇಲೇರಿ ಬಂದಿತಂತೆ. ಲಂಡನ್ನಿನ ನ್ಯಾಶನಲ್ ಗ್ಯಾಲರಿಯು ಈ ಚಿತ್ರವನ್ನು ೧೯೯೭ರಲ್ಲಿ ಒಂದು ಕೋಟಿ ಹತ್ತು ಲಕ್ಷ ಪೌಂಡುಗಳನ್ನು ಕೊಟ್ಟು ಕೊಂಡುಕೊಂಡಿತು.

ನಾಯಿಗಳ ಚಿತ್ರಗಳಲ್ಲಿಯೂ ಆತನು ಹಿಂದೆ ಬೀಳಲಿಲ್ಲ. ೧೭೯೨ರಲ್ಲಿ ಬರೆದ ನರಿಬೇಟೆಯ ನಾಯಿಗಳ ಜೋಡಿಯು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ದೋಣಿಯಲ್ಲಿ ನಿಂತ ಬಿಳಿಯ ನಾಯಿಯೊಂದರ ಚಿತ್ರವು ಅಮೇರಿಕೆಯ ವಾಶಿಂಗ್ಟನ್ ಪಟ್ಟಣದಲ್ಲಿದೆ. ಆತನ ನಾಯಿಗಳು ಮನುಷ್ಯರಂತೆ ಅಳುವದಿಲ್ಲ, ನಗುವದಿಲ್ಲ, ನಾಯಿಗಳಾಗಿಯೇ ಇರುತ್ತವೆ.

ಭಾರತೀಯರಾದ ನಮಗೆ ಸಂಬಂಧಿಸಿದ ಒಂದು ಚಿತ್ರವೂ ಇದೆ. ಮದರಾಸಿನ ಗವರ್ನರನಾಗಿದ್ದ ಜಾರ್ಜ್ ಪಿಗಟ್ ಎಂಬವನು ಮೂರನೆಯ ಜಾರ್ಜ್ ರಾಜನಿಗೆ ಒಂದು ಚಿರತೆಯನ್ನು, ಅಂದರೆ ಬೇಟೆಗೆ ಪಳಗಿಸುವ ಚೀತಾ ಮೃಗವನ್ನು, ಕಾಣಿಕೆಯಾಗಿ ಒಯ್ದನು. ೧೭೬೪ರಲ್ಲಿ ವಿಂಡ್ಸರಿನಲ್ಲಿ ಅದನ್ನು ಒಂದು ಗಂಡು ಜಿಂಕೆಯ ಮೇಲೆ ಬಿಡಲು, ಜಿಂಕೆಯೇ ಅದನ್ನು ಹಿಮ್ಮೆಟ್ಟಿಸಿತು. ಸ್ಟಬ್ಸನು ಆ ಮೃಗವನ್ನೂ ಅದರ ಇಬ್ಬರು ಭಾರತೀಯ ಪಾಲಕರನ್ನೂ ಒಂದೇ ಚಿತ್ರದಲ್ಲಿ ಬರೆದನು. ಅದು ಮ್ಯಾಂಚೆಸ್ಟರ್ ಪಟ್ಟಣದಲ್ಲಿದೆ. ಆ ಇಬ್ಬರ ಮುಖಗಳನ್ನು ಆತನು ಚೀತೆಯ ಮೈಯನ್ನು ನೋಡಿದಷ್ಟೇ ಲಕ್ಷ್ಯದಿಂದ ನೋಡಿದ್ದಾನೆ. ಕುದುರೆಗಳ ಚಿತ್ರಗಳಲ್ಲಿಯೂ ಹೀಗೆಯೇ. ಲಾಯದ ಆಳು ಪ್ರಭುವಿನಷ್ಟೇ ಗೌರವದಿಂದ ನಿಂತಿರುತ್ತಾನೆ.

೬. ಆತನಿಗೆ ಸಿಕ್ಕ ಮರ್ಯಾದೆ

ಇಷ್ಟಾದರೂ ಆತನ ಕಾಲದ ವಿದ್ವಾಂಸರು ಆತನನ್ನು “ಕುದುರೆಯ ಚಿತ್ರಗಾರ”ನೆಂದು ಕೆಳಗಿನ ಮಣೆಯ ಮೇಲೆಯೇ ಕೂಡ್ರಿಸಿದರು. ಪುರಾಣ, ಇತಿಹಾಸಗಳ ಚಿತ್ರ ಬರೆಯುವವರು ದೊಡ್ಡವರು, ಪ್ರಾಣಿಗಳ ಚಿತ್ರ ಬರೆಯುವವರು ಸಣ್ಣವರು ಎಂಬ ತಿಳುವಳಿಕೆಯು ಆಗ ಬಲವಾಗಿತ್ತು. ರಾಯಲ್ ಅಕಾಡೆಮಿಯು ೧೭೮೧ರಲ್ಲಿ ಆತನನ್ನು ಪೂರ್ಣ ಸದಸ್ಯನನ್ನಾಗಿ ಚುನಾಯಿಸಿತು. ಆದರೆ ಪದ್ಧತಿಯಂತೆ ಒಪ್ಪಿಸಬೇಕಾದ ಚಿತ್ರವನ್ನು ಆತನು ಒಪ್ಪಿಸದೆ ಹೋದದ್ದರಿಂದ ಆ ಪದವಿಯು ಕೈಗೂಡಲಿಲ್ಲ.

ಎಪ್ಪತ್ತೈದು ವರ್ಷ ವಯಸ್ಸಿನಲ್ಲಿ ಆತನು ಬರೆದ “ಹ್ಯಾಂಬಲ್ಟೋನಿಯನ್” ಎಂಬ ಚಿತ್ರದ ವಿಷಯವನ್ನು ಹೇಳದೆ ಬಿಡಲಾರೆವು. ಈ ಕುದುರೆಯು ೧೭೯೯ರಲ್ಲಿ ನ್ಯೂಮಾರ್ಕೆಟ್ ಎಂಬಲ್ಲಿ ದೊಡ್ಡ ಪಣದ ಪಂದ್ಯವನ್ನು ಕೂದಲೆಳೆಯಷ್ಟರಲ್ಲಿ ಗೆದ್ದಿತು. ಚಾಬೂಕಿನ ಹೊಡೆತಕ್ಕೂ ಮುಳ್ಳಿನ ತಿವಿತಕ್ಕೂ ಮೈಯೊಡ್ಡಿ ಓಡಿ ಗೆದ್ದದ್ದು ಅದು. ಒಡೆಯನು ವಿಜಯದ ಚಿತ್ರವನ್ನು ಬಯಸಿದನು. ಸ್ಟಬ್ಸನು ದಣಿದು ಕಿವಿ ಹಿಂದಕ್ಕೊತ್ತಿದ ಕುದುರೆಯನ್ನೂ, ಅದರ ಮೈಯೊರೆಸಲು ನಿಂತ ಹುಡುಗನನ್ನೂ ಬರೆದನು. ಒಡೆಯನು ಹಣ ಕೊಡಲಿಲ್ಲ. ಮುದುಕನು ನ್ಯಾಯಾಲಯಕ್ಕೆ ಹೋಗಿ ಗೆದ್ದನು. ಪ್ರಾಣಿಗಳಿಂದ ದುಡಿಸಿಕೊಳ್ಳುವ ನಾವೆಲ್ಲರೂ ಈ ಚಿತ್ರವನ್ನು ಒಮ್ಮೆ ನೋಡಬೇಕು.

ಆತನ ಕಲಿಕೆಯು ಕೊನೆಯ ತನಕ ನಿಲ್ಲಲಿಲ್ಲ. ೧೭೯೫ರಲ್ಲಿ ಮನುಷ್ಯ, ಹುಲಿ, ಕೋಳಿ ಈ ಮೂವರ ಶರೀರಗಳನ್ನು ಹೋಲಿಸುವ ಹೊಸ ಗ್ರಂಥವನ್ನು ಆರಂಭಿಸಿ, ಅದು ಮುಗಿಯುವ ಮೊದಲೇ ೧೮೦೬ನೆಯ ಜುಲೈ ೧೦ರಂದು ತೀರಿಕೊಂಡನು. ಆಗ ಆತನಿಗೆ ೮೧ ವರ್ಷ.

ಆತನು ತಿಳಿಯದೆ ಹೋದ ಸಂಗತಿಗಳೂ ಇವೆ. ಆ ಕಾಲದ ಚಿತ್ರಗಾರರೆಲ್ಲರಂತೆ ಆತನೂ ಓಡುವ ಕುದುರೆಯನ್ನು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿದಂತೆ ಬರೆದನು. ೧೮೭೮ರಲ್ಲಿ ಅಮೇರಿಕೆಯಲ್ಲಿ ಮೈಬ್ರಿಜ್ ಎಂಬವನು ಸಾಲಾಗಿಟ್ಟ ಕ್ಯಾಮರಾಗಳಿಂದ ಛಾಯಾಚಿತ್ರ ತೆಗೆದಾಗ, ನಾಗಾಲೋಟದಲ್ಲಿ ನಾಲ್ಕೂ ಕಾಲುಗಳು ನೆಲ ಬಿಡುವದು ಅವು ಹೊಟ್ಟೆಯ ಕೆಳಗೆ ಕೂಡಿಬಂದಾಗ ಎಂಬುದು ಸಿದ್ಧವಾಯಿತು. ಅಷ್ಟು ನುರಿತ ಕಣ್ಣೂ ತಪ್ಪಬಹುದೆಂದ ಮೇಲೆ, ಶಿಕ್ಷಕಿಯರಾದ ನಾವು “ನಮಗೆ ತಿಳಿಯದು, ಕೂಡಿ ನೋಡೋಣ” ಎಂದು ಮಕ್ಕಳ ಮುಂದೆ ಹೇಳಲು ಏಕೆ ನಾಚಬೇಕು?

೭. ಹುಡುಗಿಯರಿಗೆ ಇದು ಸಾಧ್ಯವೇ?

ಇಂಥ ಕೆಲಸವು ಗಂಡಸರದೆಂದು ಯಾರಾದರೂ ಹೇಳಿದರೆ, ಫ್ರಾನ್ಸ್ ದೇಶದ ರೋಜಾ ಬೊನ್ಹೂರ್ ಎಂಬ ಮಹಿಳೆಯನ್ನು ನೆನೆಯಬೇಕು. ೧೮೨೨ರಲ್ಲಿ ಹುಟ್ಟಿದ ಈಕೆಗೆ ಚಿತ್ರಗಾರನಾದ ತಂದೆಯೇ ಗುರುವಾದನು. ಪ್ರಾಣಿಗಳ ಶರೀರವನ್ನು ತಿಳಿಯಲು ಈಕೆ ಕಸಾಯಿಖಾನೆಗಳಿಗೂ ಕುದುರೆಯ ಸಂತೆಗಳಿಗೂ ಹೋಗುತ್ತಿದ್ದಳು. ಅಲ್ಲಿ ತೊಂದರೆಯಾಗದಿರಲೆಂದು ಪೋಲೀಸರ ಪರವಾನಗಿ ಪಡೆದು ಗಂಡುಡುಗೆಯನ್ನು ಉಡುತ್ತಿದ್ದಳು. ಈಕೆಯ “ಕುದುರೆಯ ಸಂತೆ” ಎಂಬ ದೊಡ್ಡ ಚಿತ್ರವು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ೧೮೬೫ರಲ್ಲಿ ಫ್ರಾನ್ಸಿನ ರಾಣಿಯು ತಾನೇ ಈಕೆಯ ಮನೆಗೆ ಬಂದು ರಾಷ್ಟ್ರದ ಗೌರವ ಪದಕವನ್ನು ಕೊಟ್ಟಳು.

ನಮ್ಮ ನಾಡಿನಲ್ಲಿಯೂ ಪ್ರಾಣಿಗಳನ್ನು ಗೌರವಿಸುವದು ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ. ಶ. ೯೪೯-೫೦ರ ಸುಮಾರಿಗೆ ನಿಲ್ಲಿಸಿದ ಕಲ್ಲು, ಕಾಳಿ ಎಂಬ ಬೇಟೆನಾಯಿಯ ಸ್ಮಾರಕವಾಗಿದೆ. ಹಂದಿಯೊಡನೆ ಹೋರಾಡಿ ಸತ್ತ ಆ ನಾಯಿಯ ಚಿತ್ರವನ್ನು ಶಿಲ್ಪಿಯು ಕಲ್ಲಿನಲ್ಲಿ ಕಂಡರಿಸಿದ್ದಾನೆ. ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ನೆರೆಯ ಮುಧೋಳದ ಬೇಟೆನಾಯಿಯ ಚಿತ್ರವು ೨೦೦೫ರಲ್ಲಿ ಭಾರತದ ಅಂಚೆ ಚೀಟಿಯ ಮೇಲೆ ಬಂದಿತು. ಇನ್ನು ಮಣ್ಣೆತ್ತಿನ ಅಮಾವಾಸ್ಯೆಯ ದಿನ ನಮ್ಮ ಹಳ್ಳಿಗಳ ಮಕ್ಕಳು ಕೆರೆಯ ಮಣ್ಣು ತಂದು ಎತ್ತುಗಳನ್ನು ಮಾಡುವದಿಲ್ಲವೇ? ಇಣಿಯನ್ನು ಎಲ್ಲಿ ಇಡಬೇಕು, ಕೊಂಬು ಹೇಗೆ ಬಾಗಬೇಕು ಎಂಬುದು ಅವರಿಗೆ ಯಾರೂ ಹೇಳಿಕೊಡದೆ ಬರುತ್ತದೆ. ಆ ದಿನ ಮನೆಯಲ್ಲಿ ಮೆಚ್ಚುವ ಕೈಯನ್ನೇ ಮರುದಿನ ಶಾಲೆಯಲ್ಲಿ ನಾವು ಗದರಿಸುತ್ತೇವೆ.

ಪಾಲಕರೇ, ಚಿತ್ರ ತೆಗೆಯುವ ಪ್ರತಿಯೊಬ್ಬ ಹುಡುಗಿಯೂ ಸ್ಟಬ್ಸಳಾಗುವಳೆಂದು ನಾವು ಹೇಳುವದಿಲ್ಲ. ಪರೀಕ್ಷೆ ಬೇಡವೆಂದೂ ಹೇಳುವದಿಲ್ಲ. ಗಣಿತದ ವಹಿಯು ಗಣಿತಕ್ಕೇ ಇರಲಿ. ಆದರೆ ನಿಮ್ಮ ಮಗಳ ಕೈಗೆ ಇನ್ನೊಂದು ವಹಿಯನ್ನು ಕೊಡಿರಿ. ಆಕೆ ದನದ ಕೊಟ್ಟಿಗೆಯಲ್ಲಿ ನಿಂತು ಏನನ್ನೋ ನೋಡುತ್ತಿದ್ದರೆ, ಹೊತ್ತು ಕಳೆಯುತ್ತಾಳೆಂದು ಕೂಗಬೇಡಿರಿ. ಏನು ಕಂಡಿತೆಂದು ಕೇಳಿರಿ. ನಾವೂ ಒಂದು ಕಪಾಟನ್ನು ಬಿಡುವು ಮಾಡಿ ಅದರಲ್ಲಿ ಚೊಕ್ಕಟ ಮಾಡಿದ ಆಡು, ಆಕಳು, ಕೋಳಿಗಳ ಎಲುಬುಗಳನ್ನು ಇರಿಸಿದ್ದೇವೆ. ಹುಡುಗಿಯರು ಅವುಗಳನ್ನು ಮನೆಗೆ ಎರವು ಒಯ್ಯಬಹುದು. ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರಾದವರು, ವೈದ್ಯರಾದವರು, ಪಶುವೈದ್ಯರ ಮನೆಯವರು ವರ್ಷಕ್ಕೊಂದು ಶನಿವಾರ ಬಂದು ಮಕ್ಕಳೊಡನೆ ಕುಳಿತರೆ ನಮಗೆ ದೊಡ್ಡ ಉಪಕಾರವಾಗುವದು.

ಆ ಮನೋಳಿಯ ಹುಡುಗಿಯು ಹತ್ತನೆಯ ಇಯತ್ತೆಯನ್ನು ಮುಗಿಸಿ ಹೋದಳು. ಈಗ ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆಂದು ಕೇಳುತ್ತೇವೆ. ಚಿತ್ರ ತೆಗೆಯುವದನ್ನು ಇಟ್ಟುಕೊಂಡಿದ್ದಾಳೋ ಬಿಟ್ಟಿದ್ದಾಳೋ ನಾವರಿಯೆವು. ಈ ಸಂಚಿಕೆಯು ಹಳೆಯ ವಿದ್ಯಾರ್ಥಿನಿಯರೆಲ್ಲರಿಗೆ ಹೋಗುವದರಿಂದ ಆಕೆಯ ಕೈಗೂ ಸೇರೀತು. ಮಗಳೇ, ನಿನ್ನ ಪ್ರಶ್ನೆಯು ಒಳ್ಳೆಯ ಪ್ರಶ್ನೆಯಾಗಿತ್ತು. ಅದರ ಉತ್ತರವನ್ನು ಈ ಲೇಖದ ನಾಲ್ಕನೆಯ ಭಾಗದಲ್ಲಿ ಬರೆದಿದ್ದೇವೆ. ತಡವಾದುದಕ್ಕೆ ನಮ್ಮನ್ನು ಕ್ಷಮಿಸು. ನಿನಗೆ ಮಕ್ಕಳಿದ್ದರೆ ಅವರಿಗೂ ಅದನ್ನು ತೋರಿಸು.